ಬಿಸಿ ಯಾರ ಲೆಕ್ಕಕ್ಕೆ

ಇನ್ನೂ ಬೆಳಕು ಹರಿದಿಲ್ಲ. ಎರಡನೇ ಮಹಡಿಯ ಸಣ್ಣ ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ, ಒಲೆಯ ಮೇಲೆ ಹಾಲು ಕಾಯುತ್ತಿದೆ. ಒಲೆಗೆ ಬೆನ್ನು ಮಾಡಿ ನಿಂತ ಹೆಂಗಸೊಬ್ಬರು ಎದೆಗೊತ್ತಿ ಪಾತ್ರೆಯೊಂದನ್ನು ಹಿಡಿದಿದ್ದಾರೆ. ಪಾತ್ರೆ ಇಲ್ಲ, ಹಿಡಿದ ಕೈಗಳಷ್ಟೇ ಇವೆ. ಅದರೊಳಕ್ಕೆ ಎಡಗಡೆಯಿಂದ ಒಂದು ಹಿಡಿ ಏನನ್ನೋ ಹಾಕುತ್ತಾರೆ, ಬಲಗಡೆಯಿಂದ ಅರ್ಧ ಹಿಡಿ ಇನ್ನೇನನ್ನೋ ಹಾಕುತ್ತಾರೆ, ಬೆರಳುಗಳನ್ನು ಒಂದಕ್ಕೊಂದು ಹೆಣೆಯುತ್ತಾರೆ. ಆಮೇಲೆ ಒಂದು ಅಂಗೈ ಎದೆಯಿಂದ ಹೊರಟು ಮೆಲ್ಲಗೆ ದೂರ ಹೋಗುತ್ತದೆ.

ಎದುರಿನ ಕುರ್ಚಿಯಲ್ಲಿ ಕೂತ ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಾರೆ, ತಲೆ ಅಡ್ಡಡ್ಡ ಆಡಿಸುತ್ತಾರೆ. ಆ ಅರ್ಧ ಹಿಡಿ ಯಾಕೆ ಎಂದು ಅವರ ಬೆರಳುಗಳು ಕೇಳುತ್ತವೆ. ಮಗಳು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ನಮಗೆ ಬೇಕಾದ ನೀರು ಒಂದೇ ಪಾಲು. ಅದಕ್ಕೆ ಹೈಡ್ರೋಜನ್ ಒಂದು ಪಾಲು ಬೇಕು, ಆಕ್ಸಿಜನ್ ಅರ್ಧ ಪಾಲು ಸಾಕು. ಆಕ್ಸಿಜನ್ನನ್ನು ಪೂರ್ತಿ ಮಾಡಲು ಹೋದರೆ ಹೈಡ್ರೋಜನ್ನೂ ಎರಡಾಗಬೇಕು, ನೀರೂ ಎರಡಾಗುತ್ತದೆ, ಆಗ ಲೆಕ್ಕ ಒಂದು ಪಾಲಿನದ್ದಾಗಿ ಉಳಿಯುವುದಿಲ್ಲ. ಈ ಸಲ ಅಮ್ಮ ತಲೆದೂಗುತ್ತಾರೆ. ಅಷ್ಟರಲ್ಲಿ ಮಗಳ ಬೆನ್ನ ಹಿಂದೆ ಹಾಲು ಉಕ್ಕುತ್ತದೆ, ಅದು ಕಾಣಿಸುವುದು ಅಮ್ಮನಿಗೆ ಮಾತ್ರ. ಅವರು ಮೂಗು ಮುರಿದು ಒಲೆಯತ್ತ ಬೆರಳು ತೋರಿಸುತ್ತಾರೆ. ರಸಾಯನಶಾಸ್ತ್ರ ಅಷ್ಟಕ್ಕೇ ನಿಂತು, ಒಲೆ ಒರೆಸುವ ಕೆಲಸ ಶುರುವಾಗುತ್ತದೆ.

ಅಮ್ಮನಿಗೆ ಕಿವಿ ಕೇಳುವುದಿಲ್ಲ. ಶಾಲೆಯ ಮೆಟ್ಟಿಲನ್ನು ಹತ್ತಿದವರೂ ಅಲ್ಲ. ಆದರೂ ಈ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ನಡೆಯುವ ಈ ಪರೀಕ್ಷೆಗೆ ಪರೀಕ್ಷಕರು ಅವರೇ. ಅವರು ಒಪ್ಪಿದ ಪಾಠವೇ ಶಾಲೆಗೆ ಹೋಗುವುದು. ಅವರ ಕುರ್ಚಿ ಈಗ ಮಗಳ ಎದುರಿಗಿದೆ. ಹೋದ ವರ್ಷದವರೆಗೆ ಅದು ಪಕ್ಕದಲ್ಲಿರುತ್ತಿತ್ತು. ಒಂದು ಕುರ್ಚಿಯ ಜಾಗ ಬದಲಾದದ್ದರಲ್ಲಿ ಏನು ಮಹಾ ಎನ್ನಬೇಡಿ. ಅದರ ಹಿಂದೆ ಆರು ಮಕ್ಕಳ ಮಾನದ ಪ್ರಶ್ನೆಯಿದೆ.

ಮಗಳನ್ನು ಶಾಲೆಯಲ್ಲಿ ಎಲ್ಲರೂ ಕರೆಯುವುದು ಕೈಯಕ್ಕ ಎಂದೇ. ಸಂಬಳದ ದಿನ ಬಿಟ್ಟರೆ ನಿಜ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಅವರ ಕೆಲಸ ಸನ್ನೆ ಭಾಷೆಯ ಅನುವಾದ. ಹನ್ನೆರಡನೇ ತರಗತಿಯ ವಿಜ್ಞಾನ ವಿಭಾಗದಲ್ಲಿ ಕಿವಿ ಕೇಳದ ಆರು ಮಕ್ಕಳು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನು ಕೈಯಕ್ಕ ಕೈಯಲ್ಲಿ ಹೇಳುತ್ತಾರೆ. ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ, ಭಾಷೆ, ಎಲ್ಲಕ್ಕೂ ಒಂದೇ ಜೋಡಿ ಕೈ. ಮೇಷ್ಟ್ರುಗಳಿಗೆ ಒಂದು ಪೀರಿಯಡ್ ಬಿಟ್ಟು ಒಂದು ಪೀರಿಯಡ್ ಬಿಡುವುಂಟು, ಇವರಿಗಿಲ್ಲ. ಸಂಜೆಯ ಹೊತ್ತಿಗೆ ಮಣಿಕಟ್ಟು ಊದಿಕೊಳ್ಳುತ್ತದೆ. ಅದಕ್ಕೆ ಸುತ್ತಿದ ಬಿಗಿಪಟ್ಟಿಯನ್ನೇ ಹಿಡಿದು ಮಕ್ಕಳು ಅವರಿಗೆ ಸನ್ನೆಯ ಹೆಸರಿಟ್ಟಿದ್ದಾರೆ: ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ಎರಡು ಸಲ ತಟ್ಟಿದರೆ ಕೈಯಕ್ಕ ಎಂದರ್ಥ.

ಈ ವಿದ್ಯೆ ಅವರಿಗೆ ತರಬೇತಿಯಿಂದ ಬಂದದ್ದಲ್ಲ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಅಪ್ಪ ಮರಗೆಲಸದವರು, ಅಮ್ಮ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತಿದ್ದವರು. ಮನೆಯಲ್ಲಿ ಕೇಳಿಸಿಕೊಳ್ಳುವ ಏಕೈಕ ಜೀವ ಈ ಹುಡುಗಿ. ಬಾಗಿಲು ಬಡಿದವರು ಯಾರು, ಮನೆ ಮಾಲೀಕ ಏನಂದ, ಬಸ್ಸಿನವನು ಯಾಕೆ ಕೂಗಾಡಿದ, ಎಲ್ಲವನ್ನೂ ಇವಳೇ ಹೇಳಬೇಕು. ಹತ್ತು ವರ್ಷದವಳಿದ್ದಾಗ ಅಪ್ಪ ಆಸ್ಪತ್ರೆ ಸೇರಿದರು. ಡಾಕ್ಟರು ಅಮ್ಮನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು, ದೊಡ್ಡವರು ಬೇರೆ ಯಾರೂ ಇಲ್ಲವೇ ಎಂದು ಕೇಳಿದರು. ಯಾರೂ ಇರಲಿಲ್ಲ. ಅವರು ಹೇಳಿದ್ದನ್ನು ಅವಳು ಅಮ್ಮನಿಗೆ ಕೈಯಲ್ಲಿ ಹೇಳಿದಳು.

"ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಸೇರಿಸಲಿಲ್ಲ," ಎನ್ನುತ್ತಾರೆ ಕೈಯಕ್ಕ. "ಸ್ವಲ್ಪ ಮೆತ್ತಗೆ ಮಾಡಿ ಹೇಳ್ಬೋದಿತ್ತು. ಆದ್ರೆ ಅದು ಅಮ್ಮಂಗೆ ಬಂದ ಸುದ್ದಿ, ನಂದಲ್ಲ. ಅವತ್ತಿಂದ ನಂದು ಅದೊಂದೇ ನಿಯಮ."

ಅದೇ ನಿಯಮ ಹಿಡಿದು ಅವರು ನ್ಯಾಯಾಲಯ, ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆ ದುಡಿದಿದ್ದಾರೆ. ಈ ಶಾಲೆಗೆ ಬಂದದ್ದು ಮಾತ್ರ ಬೇರೆ ಬಗೆಯ ಕೆಲಸಕ್ಕೆ. ಇಲ್ಲಿ ಅಲ್ಲಿಯವರೆಗೆ ಕಿವಿ ಕೇಳದ ಮಕ್ಕಳಿಗೆ ಹೊಲಿಗೆ, ಚಿತ್ರಕಲೆ, ಕಂಪ್ಯೂಟರಿನಲ್ಲಿ ಅಕ್ಷರ ಬಡಿಯುವುದು, ಇವಿಷ್ಟೇ ಇದ್ದವು. ವಿಜ್ಞಾನ ಅವರ ಕೈಲಾಗದು ಎಂಬುದು ಯಾರೂ ಬರೆದಿಡದ, ಎಲ್ಲರೂ ಪಾಲಿಸುತ್ತಿದ್ದ ತೀರ್ಮಾನ. ಆರು ಮನೆಯ ತಂದೆತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದು, ಅವರಿವರ ಕೈಕಾಲು ಹಿಡಿದು ಒಪ್ಪಿಗೆ ಪಡೆದರು. ಆಡಳಿತದವರು ಒಂದು ಮಾತು ಸೇರಿಸಿಯೇ ಒಪ್ಪಿದರು: ಇದೊಂದು ತಂಡವನ್ನು ನೋಡೋಣ. ಅಂದರೆ ಈ ಆರು ಜನ ಎಡವಿದರೆ ಅವರ ಹಿಂದೆ ಬರುವ ಯಾರಿಗೂ ಬಾಗಿಲಿಲ್ಲ.

ಕೈಯಕ್ಕನಿಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸಿದ್ದು ರಸಾಯನಶಾಸ್ತ್ರ. "ನನ್ನ ಕಾಲದಲ್ಲಿ ನಾನು ಡುಮ್ಕಿ ಹೊಡೆದದ್ದೇ ಅದ್ರಲ್ಲಿ," ಎಂದು ನಗುತ್ತಾರೆ. ಅದರಲ್ಲೂ ಎಂಥಾಲ್ಪಿ ಎಂಬ ಪಾಠ, ಅಂದರೆ ವಸ್ತುಗಳು ಬದಲಾಗುವಾಗ ಹೋಗುವ ಬರುವ ಉಷ್ಣದ ಲೆಕ್ಕ. ಆ ಪದಕ್ಕೆ ಸನ್ನೆಯೇ ಇರಲಿಲ್ಲ. ಅಕ್ಷರ ಅಕ್ಷರ ಬೆರಳಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಮೇಷ್ಟ್ರು ಮೂರು ವಾಕ್ಯ ಮುಂದೆ ಹೋಗಿರುತ್ತಿದ್ದರು. ಹಾಗಾಗಿ ಮಕ್ಕಳೂ ಅವರೂ ಕೂಡಿ ಸನ್ನೆಗಳನ್ನು ಕಟ್ಟಿಕೊಂಡರು. ಮೂಲವಸ್ತುಗಳನ್ನು ಅವು ಸಹಜವಾಗಿ ಇರುವ ರೂಪದಲ್ಲೇ ತಂದು, ಅವುಗಳಿಂದ ಒಂದು ಪಾಲು ಹೊಸ ವಸ್ತು ಕಟ್ಟಿದರೆ ಅದು ಉತ್ಪತ್ತಿ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವ ಸನ್ನೆ. ಒಂದು ಪಾಲನ್ನು ಪೂರ್ತಿ ಸುಟ್ಟರೆ ದಹನ. ಬೆಂಕಿಯ ಸನ್ನೆಯ ಕೊನೆಗೆ ಖಾಲಿ ಅಂಗೈ.

ಪ್ರಮಾಣಿತ ಎಂಬ ಪದಕ್ಕೆ ಸಿಕ್ಕಿದ ಸನ್ನೆಯದ್ದೇ ಒಂದು ಮಜಾ. ಎಲ್ಲರೂ ಒಂದೇ ಒತ್ತಡದಲ್ಲಿ, ಒಪ್ಪಿಕೊಂಡ ಒಂದೇ ಉಷ್ಣತೆಯಲ್ಲಿ, ಅಂದರೆ ಇಪ್ಪತ್ತೈದು ಡಿಗ್ರಿಯಲ್ಲಿ ಅಳೆದು ಹೇಳಿದ ಬದಲಾವಣೆಗಷ್ಟೇ ಆ ಮಾತು ಸಲ್ಲುತ್ತದೆ. ಅದನ್ನು ಹೇಗೆ ಹೇಳುವುದೆಂದು ಯೋಚಿಸಿ ಯೋಚಿಸಿ ಕೈಯಕ್ಕ ಮಕ್ಕಳ ಎತ್ತರ ಅಳೆಯುವುದನ್ನು ನೆನಪಿಸಿದರು. ಒಬ್ಬ ಬೂಟು ಹಾಕಿ, ಇನ್ನೊಬ್ಬ ಸ್ಟೂಲಿನ ಮೇಲೆ ನಿಂತರೆ ಯಾರು ಎತ್ತರ ಎಂದು ಹೇಗೆ ಗೊತ್ತಾಗುತ್ತದೆ? ಎಲ್ಲರೂ ಬೂಟು ಬಿಚ್ಚಿ ಒಂದೇ ಗೋಡೆಗೆ ಒರಗಿ ನಿಲ್ಲಬೇಕು. ಅಂದಿನಿಂದ ಪ್ರಮಾಣಿತ ಎಂದರೆ ಬೂಟು ಬಿಚ್ಚುವ ಸನ್ನೆ. ಮೇಷ್ಟ್ರು ಆ ಪದ ಹೇಳಿದಾಗಲೆಲ್ಲ ಮುಂದಿನ ಬೆಂಚಿನವರು ಕಾಲ ಬಳಿ ಕೈ ಒಯ್ಯುವುದನ್ನು ಕಂಡು ಅವರು ಒಂದು ವಾರ ತಬ್ಬಿಬ್ಬಾಗಿದ್ದರು.

ರಸಾಯನಶಾಸ್ತ್ರದ ಮೇಷ್ಟ್ರು ಒಳ್ಳೆಯವರು, ನಿವೃತ್ತಿಗೆ ಹತ್ತಿರದವರು, ಬೋರ್ಡಿನ ಕಡೆ ತಿರುಗಿಯೇ ಪಾಠ ಮಾಡುವ ಅಭ್ಯಾಸದವರು. ಮೊದಮೊದಲು ಅವರಿಗೆ ಮುನಿಸಿತ್ತು. ಇಷ್ಟು ವರ್ಷ ಮಕ್ಕಳು ನನ್ನ ಮುಖ ನೋಡುತ್ತಿರಲಿಲ್ಲ, ಬೋರ್ಡನ್ನಾದರೂ ನೋಡುತ್ತಿದ್ದರು, ಈಗ ಅದೂ ಇಲ್ಲ, ಎಲ್ಲ ಈ ಹೆಂಗಸಿನ ಕೈಯನ್ನೇ ನೋಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಗೊಣಗಿಕೊಂಡಿದ್ದರು. ಆಮೇಲೆ ತಾವೇ ನಿಧಾನವಾಗಿ ಮಾತಾಡುವುದನ್ನು ಕಲಿತರು.

ಹೋದ ವರ್ಷ, ಈ ಮಕ್ಕಳು ಹನ್ನೊಂದನೇ ತರಗತಿಯಲ್ಲಿದ್ದಾಗ, ಆ ಮೇಷ್ಟ್ರು ಒಂದು ದಿನ ಎರಡು ಗಾಜಿನ ಬೀಕರುಗಳನ್ನು ತಂದರು. ಒಂದರಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕಿದರು, ಅದು ಬಿಸಿಯಾಯಿತು. ಇನ್ನೊಂದರಲ್ಲಿ ಅಮೋನಿಯಂ ಕ್ಲೋರೈಡ್ ಎಂಬ ಬಿಳಿ ಪುಡಿಯನ್ನು ನೀರಿಗೆ ಹಾಕಿದರು, ಅದು ತಣ್ಣಗಾಯಿತು. ಮಕ್ಕಳು ಎರಡನ್ನೂ ಮುಟ್ಟಿ ನೋಡಿದರು. ಮೊದಲನೆಯದರಲ್ಲಿ ಉಷ್ಣ ಹೋಯಿತು, ಆದ್ದರಿಂದ ಮೈನಸ್. ಎರಡನೆಯದಕ್ಕೆ ಉಷ್ಣ ಬಂತು, ಆದ್ದರಿಂದ ಪ್ಲಸ್. ಹೋದರೆ ಮೈನಸ್, ಬಂದರೆ ಪ್ಲಸ್, ಇಷ್ಟು ನೆನಪಿಟ್ಟುಕೊಂಡರೆ ಸಾಕು ಎಂದು ಹೇಳಿ ಅವರು ಬೋರ್ಡಿಗೆ ತಿರುಗಿದರು.

ಆ ಪಾಠ ಬೆಳಿಗ್ಗೆಯೇ ಅಡುಗೆಮನೆಯಲ್ಲಿ ತಯಾರಾಗಿತ್ತು. ಅಮ್ಮ ಎಂದಿನಂತೆ ಮಗಳ ಪಕ್ಕದಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದರು. ಮಗಳು ಗಾಳಿಯಲ್ಲಿ ಪಾತ್ರೆ ಇಟ್ಟು, ಅದರಿಂದ ಬಿಸಿ ಹೊರಟು ಮುಂದೆ ಸಾಗುವುದನ್ನು ತೋರಿಸಿದ್ದರು. ಅಮ್ಮ ನೋಡಿ, ಪಾತ್ರೆಯ ಬಿಸಿ ಹೋಯಿತು ಎಂದು ಸರಿಯಾಗಿಯೇ ಹೇಳಿದ್ದರು. ತರಗತಿಯಲ್ಲೂ ಕೈ ಅದೇ ದಾರಿಯಲ್ಲಿ ಸಾಗಿತು. ಬೆಂಚಿನ ಮಕ್ಕಳೂ ತಲೆಯಾಡಿಸಿದರು. ಎಲ್ಲ ಸರಿಯಾಗಿದೆ ಎಂದುಕೊಂಡು ಕೈಯಕ್ಕ ಮನೆಗೆ ಬಂದರು.

ಹೋದದ್ದೋ ಬಂದದ್ದೋ ಎಂದು ಮಕ್ಕಳೇ ನಿರ್ಧರಿಸಬೇಕಾದ ಲೆಕ್ಕವನ್ನು ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸುವ ಮೊದಲೇ ಅರ್ಧವಾರ್ಷಿಕ ಪರೀಕ್ಷೆ ಬಂತು. ಈ ತಂಡದ ಉತ್ತರಗಳನ್ನು ನೋಡಲು ಆಡಳಿತದವರು ಹೊರಗಿನಿಂದ ಒಬ್ಬ ಪರೀಕ್ಷಕರನ್ನು ಕರೆಸಿದ್ದರು. ಪ್ರಶ್ನೆಪತ್ರಿಕೆಯಲ್ಲಿ ಎಂಥಾಲ್ಪಿಯ ಲೆಕ್ಕಗಳಿದ್ದವು. ಪುಸ್ತಕದ ಕೋಷ್ಟಕದಿಂದ ಅಂಕಿ ತೆಗೆದು ಕೂಡಿ ಕಳೆಯುವ ಲೆಕ್ಕಗಳಲ್ಲಿ ಪ್ಲಸ್ಸು ಮೈನಸ್ಸು ಮೊದಲೇ ಅಚ್ಚಾಗಿರುತ್ತದೆ, ಅವನ್ನು ಆರೂ ಮಕ್ಕಳು ಸರಿಯಾಗಿ ಮಾಡಿದ್ದರು. ಎರಡು ಲೆಕ್ಕಗಳು ಬೇರೆ ಥರದವು. ಸ್ಪಿರಿಟ್ ದೀಪ ಉರಿದು ಇಷ್ಟು ನೀರು ಇಷ್ಟು ಡಿಗ್ರಿ ಬಿಸಿಯಾಯಿತು, ದಹನ ಎಂಥಾಲ್ಪಿ ಎಷ್ಟು ಎಂಬುದೊಂದು. ಒಂದು ಲವಣ ಕರಗಿ ನೀರು ಇಷ್ಟು ತಣ್ಣಗಾಯಿತು ಎಂಬುದು ಇನ್ನೊಂದು. ಅಲ್ಲಿ ಪ್ಲಸ್ಸೋ ಮೈನಸ್ಸೋ ಬರೆಯುವವರೇ ನಿರ್ಧರಿಸಬೇಕು.

ಆರು ಪತ್ರಿಕೆಗಳಲ್ಲೂ ಅಂಕಿ ಸರಿ. ಆರು ಪತ್ರಿಕೆಗಳಲ್ಲೂ ಉರಿದದ್ದಕ್ಕೆ ಪ್ಲಸ್, ಕರಗಿ ತಣ್ಣಗಾದದ್ದಕ್ಕೆ ಮೈನಸ್. ಎರಡೂ ತಲೆಕೆಳಗು. ಕಿವಿ ಕೇಳುವ ಮಕ್ಕಳಲ್ಲೂ ತಪ್ಪು ಮಾಡಿದವರಿದ್ದರು, ಆದರೆ ಒಬ್ಬೊಬ್ಬರದು ಒಂದೊಂದು ಬಗೆ. ಆರು ಜನ ಒಂದೇ ರೀತಿ ಎಡವಿದರೆ ಯಾರಿಗೆ ತಾನೇ ಸಂಶಯ ಬರುವುದಿಲ್ಲ? ಅದರ ಮೇಲೆ ಪರೀಕ್ಷೆಯ ಸೂಚನೆಗಳನ್ನು ಹೇಳಲೆಂದು ಕೈಯಕ್ಕ ಆ ಕೋಣೆಯಲ್ಲೇ ನಿಂತಿದ್ದರು. ಅವರ ಕೈ ಅಲ್ಲಿ ಏನು ಹೇಳಿತು ಎಂದು ಕಾವಲಿಗಿದ್ದವರಿಗೆ ಗೊತ್ತಾಗುವುದು ಸಾಧ್ಯವಿರಲಿಲ್ಲ. ಪ್ರಾಂಶುಪಾಲರು ಅವರನ್ನು ಕರೆಸಿ ಬಾಗಿಲು ಮುಚ್ಚಿದರು. ಉತ್ತರ ಹೇಳಿಕೊಟ್ಟಿರಿ ಎಂದು ಅವರು ಅನ್ನಲಿಲ್ಲ, ಹೊರಗಿನವರು ಹಾಗೆ ಕೇಳುತ್ತಿದ್ದಾರೆ, ನಾಳೆ ವಿಚಾರಣೆಗೆ ಬರುತ್ತಾರೆ ಎಂದಷ್ಟೇ ಅಂದರು. ನಕಲು ಎಂದು ತೀರ್ಮಾನವಾದರೆ ಮಕ್ಕಳು ವಿಜ್ಞಾನ ಬಿಡಬೇಕಾಗುತ್ತದೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಿದರು.

"ರಾತ್ರಿಯೆಲ್ಲ ಅದನ್ನೇ ಯೋಚ್ಸಿದೆ," ಎನ್ನುತ್ತಾರೆ ಕೈಯಕ್ಕ. "ನನ್ನನ್ನ ಕಳ್ಳಿ ಅಂದ್ರೆ ತಡ್ಕೋತೀನಿ. ಆ ಮಕ್ಕಳು ಕಳ್ಳರಲ್ಲ ಅಂತ ಹೆಂಗೆ ತೋರಿಸ್ಲಿ? ಯಾಕೆ ಹಂಗೆ ಬರೆದ್ರು ಅಂತ ನಂಗೇ ಗೊತ್ತಿಲ್ವಲ್ಲ."

ಮರುದಿನ ಬೆಳಿಗ್ಗೆ ಅಮ್ಮ ಎಂದಿನ ಜಾಗದಲ್ಲಿ ಕೂತಿರಲಿಲ್ಲ. ಹಿಂದಿನ ದಿನ ಮಂಡಿ ಹಿಡಿದುಕೊಂಡಿತ್ತು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಳ್ಳಲು ಅಡುಗೆಮನೆಯ ಆ ಮೂಲೆಯಲ್ಲಿ ಜಾಗ ಸಾಲದೆ ಕುರ್ಚಿಯನ್ನು ಬಾಗಿಲ ಬಳಿ ಎಳೆದುಕೊಂಡಿದ್ದರು. ಮಗಳಿಗೆ ಅದು ಗಮನಕ್ಕೂ ಬರಲಿಲ್ಲ. ಎಲ್ಲಿ ತಪ್ಪಿತು ಎಂದು ತಾನೇ ನೋಡಿಕೊಳ್ಳಲು ಬೀಕರು ತಂದ ದಿನದ ಪಾಠವನ್ನು ಕೈಯಲ್ಲಿ ಮತ್ತೆ ಮಾಡತೊಡಗಿದರು. ಗಾಳಿಯಲ್ಲಿ ಪಾತ್ರೆ ಇಟ್ಟರು. ಅದರಿಂದ ಬಿಸಿ ಹೊರಟಿತು. ಎದುರು ಕೂತ ಅಮ್ಮ ನೋಡುತ್ತಿದ್ದರು. ಏನಾಯಿತು ಎಂದು ಮಗಳು ಸುಮ್ಮನೆ ವಾಡಿಕೆಯಂತೆ ಕೇಳಿದರು.

ಅಮ್ಮ ಕೈಯನ್ನು ತಮ್ಮ ಎದೆಯ ಕಡೆ ಎಳೆದುಕೊಂಡರು. ಬಿಸಿ ನನಗೆ ಬಂತು ಎಂದರು.

ಮಗಳ ಕೈ ಗಾಳಿಯಲ್ಲೇ ನಿಂತಿತು. ಬಂದರೆ ಪ್ಲಸ್. ಪಕ್ಕದಲ್ಲಿ ಕೂತವರಿಗೆ ಪಾತ್ರೆಯಿಂದ ಹೋದದ್ದು ಕಾಣುತ್ತದೆ. ಎದುರು ಕೂತವರಿಗೆ ಅದೇ ಕೈ ತಮ್ಮ ಕಡೆ ಬರುವುದು ಕಾಣುತ್ತದೆ. ಮಕ್ಕಳು ಸುಣ್ಣದ ಬೀಕರನ್ನು ಮುಟ್ಟಿ ನೋಡಿದಾಗಲೂ ಬಿಸಿ ಅವರ ಅಂಗೈಗೇ ಬಂದಿತ್ತು. ಬಂದದ್ದಕ್ಕೆ ಅವರು ಪ್ಲಸ್ ಹಾಕಿದರು. ತಣ್ಣಗಿನ ಬೀಕರು ಅಂಗೈಯ ಬಿಸಿಯನ್ನು ಎಳೆದುಕೊಂಡಿತ್ತು, ಹೋದದ್ದಕ್ಕೆ ಮೈನಸ್ ಹಾಕಿದರು. ಲೆಕ್ಕ ಇಡಬೇಕಾದದ್ದು ಪಾತ್ರೆಯೊಳಗಿನ ವಸ್ತುವಿನದು, ಮುಟ್ಟಿದವರದ್ದಲ್ಲ. ಮೇಷ್ಟ್ರು ಹೋಯಿತು ಎಂದಾಗ ಅವರ ಸೀಮೆಸುಣ್ಣ ಬೀಕರನ್ನು ತೋರಿಸುತ್ತಿತ್ತು. ಕೈಯಕ್ಕನ ಎರಡು ಕೈಗೂ ಬೇರೆ ಕೆಲಸವಿತ್ತು, ಯಾರಿಂದ ಎಂಬುದು ಅಲ್ಲೇ ಬಿದ್ದುಹೋಗಿತ್ತು. ಒಂದು ಮಾತನ್ನೂ ಬಿಡಬಾರದು ಎಂದು ಹತ್ತನೇ ವಯಸ್ಸಿನಿಂದ ಬದುಕಿದ ಹೆಂಗಸಿಗೆ ತಾನು ಬಿಟ್ಟದ್ದು ಯಾವುದೆಂದು ಆಗ ಗೊತ್ತಾಯಿತು. ಅಮ್ಮನ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತು ಅವರು ಅತ್ತುಬಿಟ್ಟರು.

ಶಾಲೆಗೆ ಓಡಿದ ಕೈಯಕ್ಕ ಮೊದಲು ಮೇಷ್ಟ್ರಿಗೆ ವಿಷಯ ಹೇಳಿದರು. ಮೇಷ್ಟ್ರು, ಐದು ನಿಮಿಷ ಸಾಕು, ಮಕ್ಕಳಿಗೆ ಈಗಲೇ ಸರಿಯಾಗಿ ಹೇಳಿಕೊಟ್ಟು ಬರುತ್ತೇನೆ ಎಂದು ಸೀಮೆಸುಣ್ಣ ಹಿಡಿದು ಹೊರಟೇಬಿಟ್ಟರು. ಕೈಯಕ್ಕ ಬಾಗಿಲಿಗೆ ಅಡ್ಡ ನಿಂತರು.

"ಬೇಡ ಸಾರ್," ಎಂದರು. "ಈಗ ಸರಿ ಮಾಡಿದ್ರೆ ಅವರು ಕಳ್ಳರಾಗೇ ಉಳೀತಾರೆ. ಮೊದ್ಲು ಪರೀಕ್ಷಕರು ಅವರನ್ನ ಕೇಳ್ಲಿ. ತಪ್ಪಾಗೇ ಹೇಳ್ಲಿ, ಯಾಕೆ ಅಂತಾನೂ ಒಬ್ಬೊಬ್ರೇ ಹೇಳ್ಲಿ."

ಮೇಷ್ಟ್ರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ವಿಚಾರಣೆಯಲ್ಲಿ ಕೈಯಕ್ಕ ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನ ಕೈಯದು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಹೊಸ ಪ್ರಶ್ನೆ ಕೊಡಿ ಎಂದು ಬೇಡಿಕೊಂಡರು. ತಾನು ಹೊರಗೆ ಹೋದರೆ ಅಲ್ಲಿ ಯಾರಿಗಾದರೂ ಹೇಳಿಕೊಟ್ಟಳು ಎಂಬ ಮಾತು ಬರುತ್ತದೆ, ಒಳಗೇ ನಿಲ್ಲುತ್ತೇನೆ, ಕೈಯನ್ನು ಕೋಟಿನ ಜೇಬಿನಿಂದ ತೆಗೆಯುವುದಿಲ್ಲ ಎಂದರು. ಪರೀಕ್ಷಕರು ಒಪ್ಪಿದರು. ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದರು, ಮೇಜಿನ ಮೇಲೆ ಹೊಸದಾಗಿ ಎರಡು ಬೀಕರು ಇಟ್ಟರು. ಕೈಯಕ್ಕ ಹಿಂದಿನ ಗೋಡೆಗೆ ಒರಗಿ ನಿಂತರು.

ಕಿವಿ ಕೇಳದ ಮಕ್ಕಳ ಎದುರು ಕೈಯನ್ನು ಜೇಬಿನಲ್ಲಿಟ್ಟು ನಿಲ್ಲುವುದೆಂದರೆ ಏನೆಂದು ನಮ್ಮಂಥವರಿಗೆ ತಿಳಿಯುವುದು ಕಷ್ಟ. ಅದು ಬಾಯಿಗೆ ಬೀಗ ಹಾಕಿಕೊಂಡದ್ದಕ್ಕಿಂತ ಹೆಚ್ಚು. ಮೊದಲು ಒಳಗೆ ಬಂದವಳು ಚೂಟಿ ಎಂದು ಎಲ್ಲರೂ ಕರೆಯುವ ಹುಡುಗಿ, ತಂಡದಲ್ಲೆಲ್ಲ ಚುರುಕಿನವಳು. ಬೀಕರನ್ನು ಮುಟ್ಟುವ ಮೊದಲೇ ಅವಳ ಕಣ್ಣು ಕೋಣೆಯಲ್ಲಿ ಕೈಯಕ್ಕನನ್ನು ಹುಡುಕಿತು. ಏನಾಗಿದೆ ಎಂದು ಅವಳು ಕೈಯೆತ್ತಿ ಕೇಳಿದಳು. ಉತ್ತರ ಬರಲಿಲ್ಲ. ಮತ್ತೆ ಕೇಳಿದಳು. ಕೈಯಕ್ಕ ಕಿಟಕಿಯ ಕಡೆ ನೋಡಿದರು. ಹುಡುಗಿ ಬೀಕರನ್ನು ಮುಟ್ಟಿ, ಬಿಸಿಯಾದದ್ದಕ್ಕೆ ಪ್ಲಸ್ ಬರೆದಳು. ತಣ್ಣಗಾದದ್ದಕ್ಕೆ ಮೈನಸ್ ಬರೆದಳು. ಯಾಕೆ ಎಂಬ ಪ್ರಶ್ನೆಗೆ, ಇದು ನನಗೆ ಬಂತು, ಅದು ನನ್ನಿಂದ ಹೋಯಿತು ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಹೊರಗೆ ನಡೆದಳು.

ಇನ್ನುಳಿದ ಐವರೂ ಒಬ್ಬರ ಹಿಂದೆ ಒಬ್ಬರು ಬಂದು ಹಾಗೆಯೇ ಬರೆದರು. ಪ್ರತಿ ತಪ್ಪು ಉತ್ತರಕ್ಕೂ ಹಿಂದಿನ ಗೋಡೆಯ ಹೆಂಗಸಿಗೆ ಸಮಾಧಾನವಾಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಕೊನೆಯವನು ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಪೆನ್ನು ಎತ್ತಿ ಯೋಚಿಸುತ್ತ ಕೂತಾಗ ಮೇಷ್ಟ್ರು ಉಸಿರು ಬಿಗಿಹಿಡಿದಿದ್ದರಂತೆ, ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ವಿದ್ಯಾರ್ಥಿ ತಪ್ಪು ಮಾಡಲಪ್ಪಾ ಎಂದು ಬೇಡಿಕೊಂಡದ್ದು ಅದೊಂದೇ ಸಲ. ಅವನೂ ತಪ್ಪನ್ನೇ ಬರೆದ.

ಪರೀಕ್ಷಕರು ಆರು ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದಾಗಿ ಓದಿದರು. ನಕಲು ಮಾಡಿದವರು ಕಾರಣ ಕೊಡುವುದಿಲ್ಲ, ಈ ಮಕ್ಕಳು ಆರೂ ಜನ ತಮ್ಮ ತಮ್ಮ ಮಾತಿನಲ್ಲಿ ಕಾರಣ ಕೊಟ್ಟಿದ್ದಾರೆ ಎಂದರು. ಮಕ್ಕಳ ಮೇಲಿನ ಆರೋಪ ಹೋಯಿತು, ವಿಭಾಗ ಉಳಿಯಿತು. ಅಂಕ ಮಾತ್ರ ಮರಳಿ ಬರಲಿಲ್ಲ, ತಪ್ಪು ತಪ್ಪೇ. ಕೈಯಕ್ಕನ ಕೆಲಸ ಅದುವರೆಗೆ ಇದ್ದಂತೆ ತಾತ್ಕಾಲಿಕವಾಗಿಯೇ ಮುಂದುವರಿಯಿತು. ಕಾಯಂ ಮಾಡುವ ಮಾತು ಆ ವರ್ಷಕ್ಕೆ ಮೂಲೆ ಸೇರಿತು. ಅದರ ಬಗ್ಗೆ ಅವರು ಬೇಸರಿಸಿಕೊಂಡಂತೆ ಕಾಣುವುದಿಲ್ಲ.

ಅವರಿಗೆ ತಟ್ಟಿದ ಪೆಟ್ಟು ಬೇರೆ. ಅಂದೇ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು, ಕ್ಷಮೆ ಕೇಳಿದರು. ಐವರು ಹೊಟ್ಟೆಗೆ ಹಾಕಿಕೊಂಡರು. ಚೂಟಿ ಒಂದೇ ಪ್ರಶ್ನೆ ಕೇಳಿದಳು: ನಾನು ಬರೆಯುವಾಗ ಅದು ತಪ್ಪು ಎಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು ಎಂದರು ಕೈಯಕ್ಕ. ಹುಡುಗಿ ಮುಖ ತಿರುಗಿಸಿದಳು. ಆ ವಾರವೆಲ್ಲ ತರಗತಿಯಲ್ಲಿ ಅವಳು ಪುಸ್ತಕ ನೋಡಿದಳು, ಬೋರ್ಡು ನೋಡಿದಳು, ಕೈಯಕ್ಕನ ಕೈಯನ್ನು ನೋಡಲಿಲ್ಲ.

"ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ," ಎನ್ನುತ್ತಾರೆ ಅವರು, ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ. "ಕಿವಿ ಮುಚ್ಕೊಂಡ್ರೆ ಕೂಗಿ ಹೇಳ್ಬೋದು. ಕಣ್ಣು ತಿರುಗಿಸಿದ್ರೆ ಏನು ಮಾಡೋದು? ಅವಳ ಜಾಗದಲ್ಲಿ ನಾನಿದ್ರೂ ಹಂಗೇ ಮಾಡ್ತಿದ್ದೆ."

ಮುಂದಿನ ವಾರದ ಮೊದಲ ದಿನ ಚೂಟಿ ಬೇಗ ಬಂದು ತರಗತಿಯ ಬಾಗಿಲಲ್ಲಿ ಕಾದಿದ್ದಳು. ಕೈಯಕ್ಕ ಮೆಟ್ಟಿಲು ಹತ್ತಿ ಬರುತ್ತಲೇ ಅವರನ್ನು ತಡೆದು ನಿಲ್ಲಿಸಿದಳು. ಎಡ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು: ಇದು ಪಾತ್ರೆ, ನಾನೇ ಪಾತ್ರೆ. ಬಲಗೈಯನ್ನು ಅಲ್ಲಿಂದ ಹೊರಕ್ಕೆ ಕಳಿಸಿದಳು: ಮೈನಸ್. ಹೊರಗಿನಿಂದ ಎದೆಗೆ ತಂದಳು: ಪ್ಲಸ್. ಪಾತ್ರೆಯನ್ನು ಗಾಳಿಯಲ್ಲಿ ಇಡಬೇಡಿ, ಗಾಳಿಯಲ್ಲಿ ಇಟ್ಟರೆ ಅದು ಯಾರದ್ದೂ ಅಲ್ಲ, ನಮ್ಮ ಮೇಲೇ ಇಟ್ಟುಕೊಳ್ಳೋಣ, ಆಗ ಎಲ್ಲಿ ಕೂತು ನೋಡಿದರೂ ತಪ್ಪುವುದಿಲ್ಲ ಎಂದು ವಿವರಿಸಿದಳು. ಅಷ್ಟು ಹೇಳಿ, ಅವರ ಮಣಿಕಟ್ಟಿನ ಪಟ್ಟಿಯ ಮೇಲೆ ಎರಡು ಬೆರಳಿಂದ ಎರಡು ಸಲ ತಟ್ಟಿ ಒಳಗೆ ಹೋದಳು. ಕೈಯಕ್ಕನೂ ಅವಳ ಹಿಂದೆಯೇ ಒಳಗೆ ಹೋದರು.

ಈಗ ಆ ಶಾಲೆಯಲ್ಲಿ ಎಂಥಾಲ್ಪಿಯ ಸನ್ನೆ ಅದೇ. ಮುಂದಿನ ಬೆಂಚು ಸ್ವಲ್ಪ ಓರೆಯಾಗಿದೆ, ಕೈಯಕ್ಕ ನೇರ ಎದುರಿಗೆ ನಿಲ್ಲದೆ ಮೇಜಿನ ಪಕ್ಕ ನಿಲ್ಲುತ್ತಾರೆ. ಮೇಷ್ಟ್ರು ಹೋಯಿತು ಎಂದಾಗಲೆಲ್ಲ ಯಾರಿಂದ ಎಂಬುದನ್ನೂ ಸೇರಿಸಿ ಹೇಳುತ್ತಾರೆ, ಕಿವಿ ಕೇಳುವ ಮಕ್ಕಳಿಗೂ ಅದರಿಂದ ಉಪಕಾರವಾಗಿದೆ ಎಂದು ತಾವೇ ಒಪ್ಪುತ್ತಾರೆ. ಮನೆಯಲ್ಲಿ ಅಮ್ಮನ ಕುರ್ಚಿ ಎದುರಿಗೆ ಬಂದಿದೆ. ತರಕಾರಿಯ ತಟ್ಟೆ ಮಡಿಲಿನಲ್ಲಿಟ್ಟುಕೊಂಡು ಅವರು ಇನ್ನೂ ಪರೀಕ್ಷಕರಾಗಿಯೇ ಮುಂದುವರಿದಿದ್ದಾರೆ, ಹಾಲು ಉಕ್ಕುವುದನ್ನೂ ನೋಡಿಕೊಳ್ಳುತ್ತಾರೆ. ಇಸ್ತ್ರಿಪೆಟ್ಟಿಗೆಯಿಂದ ಹೋದದ್ದೇ ಬಟ್ಟೆಗೆ ಬರುವುದು, ಅದನ್ನು ಹೇಳಲು ಇಷ್ಟೊಂದು ಗಲಾಟೆ ಬೇಕಿತ್ತೇ ಎಂದು ಮಗಳನ್ನು ಈಗಲೂ ಕಾಡುತ್ತಾರೆ.

ಅಂತಿಮ ಪರೀಕ್ಷೆಗೆ ಇನ್ನು ಕೆಲವೇ ದಿನಗಳಿವೆ. ಹನ್ನೊಂದನೇ ತರಗತಿಗೆ ಕಿವಿ ಕೇಳದ ಇನ್ನಷ್ಟು ಮಕ್ಕಳು ಬಂದು ಸೇರಿದ್ದಾರೆ. ಬಿಡುವಿನ ಹೊತ್ತಿನಲ್ಲಿ ಚೂಟಿ ಅವರನ್ನು ಕೂರಿಸಿಕೊಂಡು ಪಾಠ ಹೇಳುತ್ತಾಳೆ. ಅವಳಿಗೆ ಇದೇ ರಸಾಯನಶಾಸ್ತ್ರ ಓದಿ ಮೇಷ್ಟ್ರಾಗುವ ಹಟವಿದೆ. ಅವಳು ಎದೆಯ ಮೇಲೆ ಅಂಗೈಯಿಟ್ಟು ಬಿಸಿಯನ್ನು ಹೊರಗೆ ಕಳಿಸುವುದನ್ನು, ಚಿಕ್ಕವರು ತಮ್ಮ ತಮ್ಮ ಎದೆಯ ಮೇಲೆ ಅಂಗೈಯಿಟ್ಟು ಹಾಗೆಯೇ ಮಾಡುವುದನ್ನು ಕೈಯಕ್ಕ ವರಾಂಡದ ಕಿಟಕಿಯಿಂದ ನೋಡುತ್ತಾರೆ. ಆ ಕೋಣೆಯಲ್ಲಿ ಒಂದು ಸದ್ದೂ ಇಲ್ಲ, ಪಾಠ ಮಾತ್ರ ಭರದಿಂದ ಸಾಗಿದೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಗಾಜಿನಾಚೆಗೆ ನೋಡುತ್ತಲೇ ಉತ್ತರ ಕೊಡುತ್ತಾರೆ.

"ಅವತ್ತು ಆ ಗೋಡೆ ಹತ್ರ ಜೇಬಲ್ಲಿ ಕೈ ಇಟ್ಕೊಂಡು ನಿಂತಿದ್ನಲ್ಲ, ನನ್ನ ಜನ್ಮದಲ್ಲೇ ಅಂಥಾ ಶಿಕ್ಷೆ ಅನುಭವಿಸಿಲ್ಲ," ಎನ್ನುತ್ತಾರೆ. "ಒಂದಿನ ಅವಳು ಮೇಷ್ಟ್ರಾಗಿ ಅದೇ ಬೋರ್ಡ್ ಮುಂದೆ ನಿಂತ್ಕೊಂಡು ತನ್ನ ಕೈಯಲ್ಲೇ ಪಾಠ ಹೇಳ್ತಾಳೆ. ಆಗ ನಾನು ಬೇಕಾಗಲ್ಲ. ಅದೇ ಗೋಡೆಗೆ ಒರಗಿ, ಅದೇ ಥರ ಜೇಬಲ್ಲಿ ಕೈ ಇಟ್ಕೊಂಡು, ಒಂದು ಪೀರಿಯಡ್ ಪೂರ್ತಿ ಸುಮ್ನೆ ನಿಂತ್ಕೋಬೇಕು. ಅಷ್ಟೇ."